ಇಗರ್ಜಿಯೊಳಗೆ ಭೂಮಿಯ ಹಾಡು: ಕಲ್ಲು, ಕಂಠ, ಶಿಲ್ಪ ಸೇರಿದಾಗ ಏನಾಗುತ್ತದೆ?

ನ್ಯೂಯಾರ್ಕಿನ ಸೈಂಟ್ ಜಾನ್ ದ ಡಿವೈನ್ ಕೆಥೆಡ್ರಲಿನಲ್ಲಿ ಒಂದು ವಿಶೇಷ ಬಲಿಪೂಜೆ, ಅಂದರೆ ಇಗರ್ಜಿಯ ಆರಾಧನೆ (ಮಾಸ್), ನಡೆಯುತ್ತದೆ. ಅದರಲ್ಲಿ ‘ಕರ್ತನೇ, ಕರುಣಿಸು’ ಎಂಬ ಪ್ರಾರ್ಥನೆಯ ರಾಗ ಹುಟ್ಟಿದ್ದು ಒಂದು ತೋಳದ ಕೂಗಿನಿಂದ. ಕಾಡಿನಲ್ಲಿ ರೆಕಾರ್ಡ್ ಮಾಡಿದ ಆ ಕೂಗನ್ನು ಸ್ಯಾಕ್ಸೊಫೋನ್ ಎತ್ತಿಕೊಳ್ಳುತ್ತದೆ. ಆಮೇಲೆ ಗಾಯಕವೃಂದ ಅದನ್ನೇ ಪ್ರಾರ್ಥನೆಯಾಗಿ ಹಾಡುತ್ತದೆ. 2014ರಲ್ಲಿ ಅದೇ ಕೆಥೆಡ್ರಲಿನ ಛಾವಣಿಯಿಂದ ಎರಡು ದೈತ್ಯ ಹಕ್ಕಿಗಳು ತೂಗುತ್ತಿದ್ದವು. ಅವುಗಳ ಮೈಯೆಲ್ಲ ಕಟ್ಟಡ ಕೆಲಸದ ಹಳೇ ಸಾಮಾನು: ಗುದ್ದಲಿ, ಸಲಿಕೆ, ಹೆಲ್ಮೆಟ್, ಪೈಪು, ಕಬ್ಬಿಣದ ತುಂಡು.

ಪರಿಸರದ ಬಗ್ಗೆ ಸಮೂಹಗಾನ, ಜೊತೆಗೆ ಶಿಲ್ಪ, ಸುತ್ತ ದೊಡ್ಡ ಇಗರ್ಜಿ. ಇಂಥ ಕಾರ್ಯಕ್ರಮಗಳು ಯುರೋಪು, ಅಮೆರಿಕದಲ್ಲಿ ಈಗ ಅಲ್ಲಲ್ಲಿ ನಡೆಯುತ್ತಿವೆ. ಹವಾಮಾನ ಕೆಡುವುದಕ್ಕೂ ಇಗರ್ಜಿಯ ಹಾಡಿಗೂ ಏನು ಸಂಬಂಧ ಎಂದು ಯಾರಿಗಾದರೂ ಅನಿಸೀತು. ಸಂಬಂಧ ಇದೆ, ಗಟ್ಟಿಯಾಗಿಯೇ ಇದೆ. ನಮ್ಮ ಕಾಸರಗೋಡಿನವರಿಗಂತೂ ಇದು ದೂರದ ವಿಷಯವೇ ಅಲ್ಲ. ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಸುರಿದದ್ದನ್ನು ಕಂಡ ಊರು ನಮ್ಮದು. ಆ ನೋವಿಗೆಂದೇ ಮಾಡಿದ ಶಿಲ್ಪವೂ ನಮ್ಮಲ್ಲಿದೆ. ಹಾಡು ಮಾತ್ರ ಅದರ ಪಕ್ಕಕ್ಕೆ ಇನ್ನೂ ಬಂದು ನಿಂತಿಲ್ಲ.

ಮೊದಲು ಕಟ್ಟಡದ ಮಾತು. ಕೆಥೆಡ್ರಲ್ ಅಂದರೆ ಬಿಷಪರ ಇಗರ್ಜಿ, ಧರ್ಮಪ್ರಾಂತ್ಯದ ಮುಖ್ಯ ಇಗರ್ಜಿ. ಕಾಸರಗೋಡಿನ ಕೊಂಕಣಿ ಕಥೋಲಿಕರ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿವೆ. ಅವರ ಕೆಥೆಡ್ರಲ್ ಮಂಗಳೂರಿನ ರೊಸಾರಿಯೊ. ಕೆಥೆಡ್ರಲ್ ಆದ ಮಾತ್ರಕ್ಕೆ ಕಟ್ಟಡ ದೊಡ್ಡದಿರಬೇಕು ಎಂದೇನಿಲ್ಲ. ಆದರೆ ಯುರೋಪಿನ ಹಳೆಯವು, ಅವನ್ನು ನೋಡಿ ಕಟ್ಟಿದ ನ್ಯೂಯಾರ್ಕಿನದು, ನಿಜಕ್ಕೂ ದೊಡ್ಡವು. ಸೈಂಟ್ ಜಾನ್ ದ ಡಿವೈನ್ 601 ಅಡಿ ಉದ್ದ ಇದೆ. ಒಳಗೆ ನಿಂತು ತಲೆ ಎತ್ತಿದರೆ ಕಮಾನು 124 ಅಡಿ ಮೇಲೆ. 1892ರಲ್ಲಿ ಅಡಿಗಲ್ಲು ಹಾಕಿದ ಕಟ್ಟಡ ಇವತ್ತಿಗೂ ಪೂರ್ತಿಯಾಗಿಲ್ಲ.

ಇಂಥ ಜಾಗದಲ್ಲಿ ಒಂದು ಸಲ ಚಪ್ಪಾಳೆ ತಟ್ಟಿದರೆ ಸದ್ದು ಸುಮಾರು ಎಂಟು ಸೆಕೆಂಡು ಗಾಳಿಯಲ್ಲೇ ಉಳಿಯುತ್ತದೆ. ಹೊಸ ಮನೆ ಕಟ್ಟಿ ಸಾಮಾನು ತರುವ ಮೊದಲು ಖಾಲಿ ಕೋಣೆಯಲ್ಲಿ ಮಾತಾಡಿದರೆ ಗುಂಯ್ ಎನ್ನುತ್ತದಲ್ವಾ? ಅದೇ ಸಂಗತಿ, ಅಳತೆ ಮಾತ್ರ ಬೇರೆ. ಇದಕ್ಕೆ ಅನುರಣನ ಎನ್ನುತ್ತಾರೆ. ಗೋಡೆ, ನೆಲ, ಕಮಾನುಗಳಿಗೆ ಬಡಿದು ಬಡಿದು ದನಿ ವಾಪಸು ಬರುತ್ತಲೇ ಇರುತ್ತದೆ. ಪ್ರತಿ ಬಡಿತದಲ್ಲೂ ಅದರ ಶಕ್ತಿ ಸ್ವಲ್ಪ ಸ್ವಲ್ಪ ಕರಗುತ್ತದೆ. ಗಟ್ಟಿ ಕಲ್ಲು ಕಡಿಮೆ ಕುಡಿಯುತ್ತದೆ. ಬಟ್ಟೆ, ಮರ, ಮನುಷ್ಯರ ಮೈ ಜಾಸ್ತಿ ಕುಡಿಯುತ್ತವೆ.

ಇದನ್ನು ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸಬೀನ್. 1895ರ ಹೊತ್ತಿಗೆ ಅಲ್ಲಿನ ಒಂದು ಉಪನ್ಯಾಸ ಕೋಣೆಯಲ್ಲಿ ಮೇಷ್ಟ್ರ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಸಬೀನ್ ರಾತ್ರಿ ಹೊತ್ತು ಹತ್ತಿರದ ರಂಗಮಂದಿರದಿಂದ ಕುರ್ಚಿಯ ಮೆತ್ತೆಗಳನ್ನು ಹೊತ್ತು ತಂದರು. ಅವನ್ನು ಇಡುತ್ತಾ ತೆಗೆಯುತ್ತಾ ದನಿ ಉಳಿಯುವ ಹೊತ್ತನ್ನು ಅಳೆದರು. ಅದರಿಂದ ಬಂದ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ. ಕಟ್ಟಡದ ಒಳಗಿನ ಗಾತ್ರವನ್ನು ಘನ ಮೀಟರಿನಲ್ಲಿ ಹಾಕಿ 0.161ರಿಂದ ಗುಣಿಸಬೇಕು. ಬಂದದ್ದನ್ನು ದನಿ ಹೀರುವ ಒಟ್ಟು ಮೇಲ್ಮೈಯಿಂದ ಭಾಗಿಸಬೇಕು. ಸೆಕೆಂಡು ಸಿಗುತ್ತದೆ.

ನಮ್ಮ ಊರಿನ ಅಳತೆಯಲ್ಲೇ ಒಂದು ಲೆಕ್ಕ ಮಾಡೋಣ. 20 ಮೀಟರ್ ಉದ್ದ, 10 ಅಗಲ, 5 ಎತ್ತರದ ಒಂದು ಇಗರ್ಜಿ. ಗಾತ್ರ 1000 ಘನ ಮೀಟರ್. ಖಾಲಿ ಇದ್ದಾಗ ಗೋಡೆ, ನೆಲ, ಛಾವಣಿ ಸೇರಿ 50 ಚದರ ಮೀಟರ್ ತೆರೆದ ಕಿಟಕಿಯಷ್ಟು (ಕಿಟಕಿಯಿಂದ ಹೊರಗೆ ಹೋದ ದನಿ ವಾಪಸು ಬರುವುದಿಲ್ಲವಲ್ಲ) ದನಿ ಹೀರುತ್ತವೆ ಎಂದುಕೊಳ್ಳಿ. ದನಿ ಉಳಿಯುವ ಹೊತ್ತು 3.2 ಸೆಕೆಂಡು. ಈಗ 200 ಜನ ಬಂದು ಕೂತರು. ಒಬ್ಬೊಬ್ಬರು ಸುಮಾರು ಅರ್ಧ ಚದರ ಮೀಟರ್ ಸೇರಿಸುತ್ತಾರೆ. ಹೀರುವ ಮೇಲ್ಮೈ 150 ಆಯಿತು, ಹೊತ್ತು ಒಂದು ಸೆಕೆಂಡಿನ ಹತ್ತಿರಕ್ಕೆ ಇಳಿಯಿತು. ಖಾಲಿ ಇಗರ್ಜಿಯಲ್ಲಿ ಪ್ರಾಕ್ಟೀಸ್ ಮಾಡಿದ ಕೊಯರಿನವರಿಗೆ ಹಬ್ಬದ ದಿನ ತಮ್ಮ ದನಿ ಸಪ್ಪೆ ಅನಿಸುವುದು ಇದಕ್ಕೇ. ಕಂಠದಲ್ಲಿ ದೋಷ ಇರುವುದಿಲ್ಲ, ದನಿಯನ್ನು ಜನರ ಬಟ್ಟೆಬರೆ ಕುಡಿದಿರುತ್ತದೆ. ದೊಡ್ಡ ಕೆಥೆಡ್ರಲಿನಲ್ಲಿ ಈ ತೊಂದರೆ ಕಡಿಮೆ. ಗಾತ್ರ ಅಷ್ಟು ಜಾಸ್ತಿ ಇರುವುದರಿಂದ ಜನ ತುಂಬಿದರೂ ದನಿ ಉಳಿಯುತ್ತದೆ.

ಈ ಎಂಟು ಸೆಕೆಂಡು ವರವೂ ಹೌದು, ಶಾಪವೂ ಹೌದು. ಮಾತಿಗೆ ಶಾಪ. ನಾವು ಸೆಕೆಂಡಿಗೆ ನಾಲ್ಕೈದು ಅಕ್ಷರ ಆಡುತ್ತೇವೆ. ಹಾಗಾದರೆ ಮೂವತ್ತಕ್ಕೂ ಜಾಸ್ತಿ ಅಕ್ಷರ ಒಂದರ ಮೇಲೊಂದು ಬಿದ್ದಿರುತ್ತವೆ. ನಮ್ಮ ಚೆಂಡೆಯನ್ನು ಅಲ್ಲಿ ಬಾರಿಸಿದರೆ ಏಟು ಏಟಿನ ನಡುವಿನ ಬಿಡುವೇ ಕೇಳಿಸಲಿಕ್ಕಿಲ್ಲ. ಕುಂಬಳೆ ಪಾರ್ತಿಸುಬ್ಬನ ಊರಿನ ಯಕ್ಷಗಾನ ಬೆಳೆದದ್ದು ಗದ್ದೆಯಲ್ಲಿ, ಬಯಲಿನಲ್ಲಿ. ಅಲ್ಲಿ ದನಿ ಹೋದರೆ ಹೋಯಿತು, ವಾಪಸು ಬರುವುದಿಲ್ಲ. ಅದಕ್ಕೇ ಭಾಗವತರ ಏರು ಕಂಠ, ಚೆಂಡೆಯ ಬಿಡಿ ಬಿಡಿ ಏಟು. ಜಾಗ ಹೇಗೋ ಸಂಗೀತವೂ ಹಾಗೆ.

ಕೆಥೆಡ್ರಲಿನ ಸಂಗೀತವೂ ತನ್ನ ಜಾಗಕ್ಕೆ ತಕ್ಕ ಹಾಗೆ ಬೆಳೆಯಿತು. ಮೊದಲು ನಿಧಾನವಾದ ಒಂದೇ ಎಳೆಯ ಗಾಯನ. ನೂರಾರು ವರ್ಷಗಳಲ್ಲಿ ಅದರ ಮೇಲೆ ಇನ್ನೊಂದು ಎಳೆ, ಮತ್ತೊಂದು ಎಳೆ ಸೇರಿತು. ಇವತ್ತು ಸಾಮಾನ್ಯವಾಗಿ ನಾಲ್ಕು: ಹೆಂಗಸರ ಏರುದನಿ ಸೊಪ್ರಾನೊ, ತಗ್ಗುದನಿ ಆಲ್ಟೊ, ಗಂಡಸರ ಏರುದನಿ ಟೆನರ್, ತಗ್ಗುದನಿ ಬಾಸ್. ನಮ್ಮ ಭಜನೆಯಲ್ಲಿ ಎಲ್ಲರೂ ಒಂದೇ ರಾಗ ಹಾಡುತ್ತಾರೆ, ಕೆಳಗೆ ಶ್ರುತಿ ಇರುತ್ತದೆ. ಇಲ್ಲಿ ನಾಲ್ಕು ಗುಂಪು ಒಂದೇ ಹೊತ್ತಿಗೆ ನಾಲ್ಕು ಬೇರೆ ಸ್ವರ ಹಿಡಿಯುತ್ತವೆ. ಈ ಬಗೆ ನಮ್ಮ ಕರಾವಳಿಗೆ ಹೊಸದೇನೂ ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಕಾಲದಿಂದ ಪ್ರಾಟೆಸ್ಟೆಂಟ್ ಚರ್ಚುಗಳಲ್ಲಿ ಕನ್ನಡದ ಕೀರ್ತನೆಗಳನ್ನು ಹೀಗೆ ಹಾಡುವ ರೂಢಿ ಬೆಳೆದಿದೆ. ಕೊಂಕಣಿ ಇಗರ್ಜಿಗಳ ಕೊಯರಿನಲ್ಲೂ ಎರಡು, ಮೂರು, ನಾಲ್ಕು ಎಳೆ ಕೇಳುತ್ತೇವೆ.

ಕಲ್ಲಿನ ಕಟ್ಟಡ ಏನು ಮಾಡುತ್ತದೆಂದರೆ, ಹಾಡಿ ಮುಗಿದ ಸ್ವರವನ್ನು ಹಿಡಿದುಕೊಂಡು ಈಗ ಹಾಡುತ್ತಿರುವ ಸ್ವರದ ಜೊತೆ ಸೇರಿಸುತ್ತದೆ. ಒಳ್ಳೆಯ ಸಂಯೋಜಕರು ಇದನ್ನು ಗೊತ್ತಿದ್ದೇ ಬಳಸುತ್ತಾರೆ. ಪಕ್ಕಪಕ್ಕದ ಎರಡು ಸ್ವರ ಒಟ್ಟಿಗೆ ಇದ್ದರೆ ಕಿವಿಗೆ ತಿಕ್ಕಾಟ. ಆ ತಿಕ್ಕಾಟವನ್ನು ಕಲ್ಲಿನೊಳಗೆ ತೇಲಲು ಬಿಟ್ಟು, ಆಮೇಲೆ ಒಂದು ಸ್ವರವನ್ನು ಮೆಲ್ಲಗೆ ಕೆಳಗಿಳಿಸಿದರೆ ಎದೆಯ ಮೇಲಿನ ಭಾರ ಇಳಿದಂತಾಗುತ್ತದೆ. ಹಾಡು ನಿಂತ ಮೇಲೆ ಬರುವ ಆ ಕೆಲವು ಸೆಕೆಂಡು ಇನ್ನೂ ಮುಖ್ಯ. ಗಾಯಕರು ಬಾಯಿ ಮುಚ್ಚಿದ್ದಾರೆ, ದನಿ ಇನ್ನೂ ಹೋಗಿಲ್ಲ. ಇಲ್ಲವಾದ ಹಕ್ಕಿಯ ಬಗ್ಗೆ, ಕಳೆದುಹೋದ ಕಾಡಿನ ಬಗ್ಗೆ ಹಾಡುವಾಗ ಇದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿದೆ?

ಈಗ ತೋಳದ ವಿಷಯಕ್ಕೆ ಬರೋಣ. ಸ್ಯಾಕ್ಸೊಫೋನ್ ವಾದಕ ಪಾಲ್ ವಿಂಟರ್ ತಮ್ಮ ಸಂಗಡಿಗರ ಜೊತೆ ಆ ಬಲಿಪೂಜೆಯ ಸಂಗೀತವನ್ನು ಕಟ್ಟಿದ್ದು 1980ರ ದಶಕದ ಆರಂಭದಲ್ಲಿ. ಕೇಳಿಕೊಂಡವರು ಕೆಥೆಡ್ರಲಿನ ಅಂದಿನ ಡೀನ್ (ಮುಖ್ಯ ಪಾದ್ರಿ) ಜೇಮ್ಸ್ ಪಾರ್ಕ್ಸ್ ಮಾರ್ಟನ್. ಅದರ ಹೆಸರು ‘ಮಿಸ್ಸಾ ಗಾಯಾ’, ಭೂಮಿಯ ಬಲಿಪೂಜೆ. ತೋಳದ ಕೂಗು ಒಂದು ಕಡೆಯಾದರೆ, ‘ಪವಿತ್ರ, ಪವಿತ್ರ’ ಎಂಬ ಭಾಗದಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲದ ಹಾಡು ಬರುತ್ತದೆ. ಸಂತ ಫ್ರಾನ್ಸಿಸರ ಹಬ್ಬದ ಹೊತ್ತಿಗೆ, ಅಕ್ಟೋಬರ್ ಆರಂಭದಲ್ಲಿ ಅದನ್ನು ಹಾಡುತ್ತಾರೆ. ಜನ ತಮ್ಮ ನಾಯಿ ಬೆಕ್ಕುಗಳನ್ನು ಆಶೀರ್ವಾದಕ್ಕೆ ಕರೆದುಕೊಂಡು ಬರುತ್ತಾರೆ. ಪ್ರಾಣಿಯ ಕೂಗನ್ನು ಹಿನ್ನೆಲೆಯ ಸದ್ದಾಗಿ ಸುಮ್ನೆ ಹಾಕಿದ್ದರೆ ಅದು ಅಲಂಕಾರವಾಗುತ್ತಿತ್ತು. ಇಲ್ಲಿ ಹಾಗಿಲ್ಲ. ರಾಗವನ್ನು ಕೊಟ್ಟದ್ದೇ ಪ್ರಾಣಿ, ಅದರಿಂದ ಕಲಿತು ಹಾಡಿದವರು ಮನುಷ್ಯರು. ಈ ಕೃತಿಯ ದೊಡ್ಡ ವಿಷಯ ಇದೇ ಎಂದು ನನಗನಿಸುತ್ತದೆ.

ಆಮೇಲಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಮೆರಿಕದ ಸಂಯೋಜಕಿ ಸಾರಾ ಕರ್ಕ್‌ಲ್ಯಾಂಡ್ ಸ್ನೈಡರ್ 2018ರಲ್ಲಿ ಅಳಿವಿನ ಅಂಚಿನ ಜೀವಿಗಳಿಗೆಂದೇ ಒಂದು ಬಲಿಪೂಜೆಯ ಸಂಗೀತ ಬರೆದರು. ಪದಗಳು ನಥಾನಿಯಲ್ ಬೆಲ್ಲೋಸ್ ಎಂಬ ಕವಿಯವು. ಮಾಮೂಲಿ ಬಲಿಪೂಜೆಯಲ್ಲಿ ಮನುಷ್ಯ ತನಗಾಗಿ ಕರುಣೆ ಬೇಡುತ್ತಾನೆ. ಇದರಲ್ಲಿ ಕರುಣೆ ಕೇಳುವುದು ಪ್ರಾಣಿಗಳ ಪರವಾಗಿ, ಕ್ಷಮೆ ಕೇಳುವುದೂ ಅವುಗಳ ಹತ್ತಿರವೇ.

ಶಿಲ್ಪ ಮತ್ತು ಹಾಡು ಒಂದೇ ಬೇರಿನಿಂದ ಬಂದ ಉದಾಹರಣೆಯೂ ಇದೆ. ಶಿಲ್ಪಿ ಟಾಡ್ ಮೆಕ್‌ಗ್ರೇನ್ ಉತ್ತರ ಅಮೆರಿಕದಿಂದ ಅಳಿದುಹೋದ ಐದು ಹಕ್ಕಿಗಳನ್ನು ಕಂಚಿನಲ್ಲಿ ಎರಕ ಹೊಯ್ದರು. ಮನುಷ್ಯನೆತ್ತರದ, ನುಣುಪಾದ, ಗರಿಯ ಗೆರೆಯೇ ಇಲ್ಲದ ಆಕೃತಿಗಳು. ಅವುಗಳಲ್ಲಿ ಒಂದು ಪ್ಯಾಸೆಂಜರ್ ಪಾರಿವಾಳ. ಒಂದು ಕಾಲಕ್ಕೆ ಆಕಾಶವನ್ನೇ ಮುಚ್ಚುವಷ್ಟು ಗುಂಪಾಗಿ ಹಾರುತ್ತಿದ್ದ ಹಕ್ಕಿ ಅದು. ಕೊನೆಯದು, ಮಾರ್ಥಾ ಎಂಬ ಹೆಸರಿನದು, 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದ ಪಂಜರದಲ್ಲಿ ಸತ್ತಿತು. ಈ ಶಿಲ್ಪಗಳ ಕುರಿತ ಸಾಕ್ಷ್ಯಚಿತ್ರಕ್ಕೆ ಸಂಗೀತ ಕೊಟ್ಟ ಕ್ರಿಸ್ಟೋಫರ್ ಟಿನ್ ಆ ವಿಷಯವನ್ನು ಅಲ್ಲಿಗೇ ಬಿಡಲಿಲ್ಲ. 2022ರಲ್ಲಿ ಅಳಿದ ಹಕ್ಕಿಗಳಿಗಾಗಿ ಒಂದು ಪೂರ್ಣ ಸಮೂಹಗಾನ ಕೃತಿಯನ್ನೇ ಹೊರತಂದರು.

ಕೆಥೆಡ್ರಲಿನೊಳಗೆ ಶಿಲ್ಪ ಬಂದಾಗ ಏನಾಗುತ್ತದೆ? ಮೊದಲು ಹೇಳಿದ ಆ ಎರಡು ಹಕ್ಕಿಗಳು ಚೀನಾದ ಕಲಾವಿದ ಶು ಬಿಂಗ್ ಅವರವು. 2008ರಲ್ಲಿ ಬೀಜಿಂಗಿನ ಒಂದು ಐಷಾರಾಮಿ ಕಟ್ಟಡಕ್ಕೆ ಕಲಾಕೃತಿ ಬೇಕು ಎಂದು ಕರೆ ಬಂತು. ಅಲ್ಲಿಗೆ ಹೋಗಿ ಕಾರ್ಮಿಕರ ಬದುಕು ನೋಡಿದ ಶು ಬಿಂಗ್ ಅವರ ಮನಸ್ಸು ಕಲಕಿತು. ಆ ಕಾರ್ಮಿಕರು ಬಳಸಿ ಬಿಸಾಡಿದ್ದನ್ನೇ ಸೇರಿಸಿ ಅಮರಪಕ್ಷಿಗಳ (ಫೀನಿಕ್ಸ್) ಜೋಡಿ ಮಾಡಿದರು. ಒಂದು 90 ಅಡಿ, ಇನ್ನೊಂದು 100 ಅಡಿ. ಎರಡೂ ಸೇರಿ 12 ಟನ್ ತೂಕ. ಹತ್ತಿರದಿಂದ ನೋಡಿದರೆ ಕೊಕ್ಕಿನ ಜಾಗದಲ್ಲಿ ಯಂತ್ರದ ತುಣುಕು, ಗರಿಯ ಜಾಗದಲ್ಲಿ ಸಲಿಕೆ. ದೂರದಿಂದ ನೋಡಿದರೆ ಹಾರುವ ಹಕ್ಕಿ. ನಾವು ಕಟ್ಟುವುದೆಲ್ಲದರ ಹಿಂದೆ ಬಿಸಾಡಿದ ರಾಶಿ ಒಂದು ಇರುತ್ತದೆ. ಅದನ್ನೇ ಕಮಾನಿನ ಕೆಳಗೆ ತೂಗುಹಾಕಿದರೆ ಕಣ್ಣು ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಇನ್ನೊಂದು, ಬ್ರಿಟನ್ನಿನ ಲೂಕ್ ಜೆರಮ್ ಅವರ ‘ಗಾಯಾ’. 2018ರಿಂದ ಊರೂರು ತಿರುಗುತ್ತಿರುವ ಏಳು ಮೀಟರ್ ವ್ಯಾಸದ ಭೂಗೋಳ. ಗಾಳಿ ತುಂಬಿದ ಬಲೂನು, ಒಳಗೆ ಬೆಳಕು, ಮೈಮೇಲೆ ನಾಸಾದ ಚಿತ್ರಗಳಿಂದ ಮುದ್ರಿಸಿದ ಭೂಮಿ. ಅನೇಕ ಕೆಥೆಡ್ರಲುಗಳಲ್ಲಿ ಅದು ತೂಗಿದೆ, ಅದರ ಕೆಳಗೆ ಹಾಡುಗಳೂ ನಡೆದಿವೆ. ಅದರಲ್ಲಿ ಒಂದು ಸೆಂಟಿಮೀಟರ್ ಅಂದರೆ ನಿಜದ 18 ಕಿಲೋಮೀಟರ್. ನಮ್ಮ ಕಾಸರಗೋಡಿನಿಂದ ಮಂಗಳೂರಿಗೆ ಮೂರು ಸೆಂಟಿಮೀಟರ್ ಕೂಡ ಇಲ್ಲ. ಕೇರಳದ 590 ಕಿಲೋಮೀಟರ್ ಕರಾವಳಿ 33 ಸೆಂಟಿಮೀಟರಿಗೆ ಮುಗಿದುಹೋಗುತ್ತದೆ. ಭೂಪಟದಲ್ಲಿ ಕಾಣುವ ಗಡಿಗೆರೆ ಯಾವುದೂ ಅದರ ಮೇಲಿಲ್ಲ. ಗಡಿಯಲ್ಲಿ ಬದುಕುವ ನಮ್ಮಂಥವರಿಗೆ ಇದು ಬೇಗ ಕಣ್ಣಿಗೆ ಬೀಳುತ್ತದೆ.

ಶಿಲ್ಪದಿಂದ ದನಿಯೂ ಬದಲಾಗುತ್ತದೆ. ಏರುದನಿಯ ಅಲೆ ಒಂದಡಿಯ ಆಸುಪಾಸು, ತಗ್ಗುದನಿಯ ಅಲೆ ಮೂರು ಮೀಟರಿಗೂ ಉದ್ದ. ಅಲೆಗಿಂತ ದೊಡ್ಡ ವಸ್ತು ಎದುರು ಬಂದರೆ ದನಿ ಅದಕ್ಕೆ ಬಡಿದು ತಿರುಗುತ್ತದೆ. ಉಬ್ಬಿದ ಮೇಲ್ಮೈ ಅದನ್ನು ಸುತ್ತಲೂ ಚದುರಿಸುತ್ತದೆ. ಹಳೆಯ ಇಗರ್ಜಿಗಳ ಗೂಡಿನೊಳಗಿನ ಸಂತರ ಮೂರ್ತಿಗಳು, ಕೆತ್ತನೆಯ ಕಂಬಗಳು ಈ ಕೆಲಸವನ್ನು ಮೊದಲಿನಿಂದಲೂ ಮಾಡುತ್ತಿವೆ. ಬೋಳು ಗೋಡೆಗಳ ನಡುವೆ ದನಿ ಟಪಟಪ ಎಂದು ಅತ್ತಿತ್ತ ಪುಟಿಯುವುದನ್ನು ಅವು ತಡೆಯುತ್ತವೆ.

ಆದರೂ ಅಸಲು ಸಂಗತಿ ಹೊತ್ತಿನದು. ಮ್ಯೂಸಿಯಮ್ಮಿನಲ್ಲಿ ಶಿಲ್ಪದ ಮುಂದೆ ಜನ ಸ್ವಲ್ಪ ಹೊತ್ತು ನಿಂತು, ಒಂದು ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಹಾಡು ಅವರನ್ನು ಒಂದು ಗಂಟೆ ಕೂರಿಸುತ್ತದೆ. ಕಿವಿ ಕೇಳುತ್ತಿದ್ದರೂ ಕಣ್ಣಿಗೆ ಬೇರೆ ಕೆಲಸ ಇಲ್ಲ. ಅದು ಆ ಹಕ್ಕಿಯ ಮೇಲೆ, ಆ ಗೋಳದ ಮೇಲೆ ಓಡಾಡುತ್ತಲೇ ಇರುತ್ತದೆ. ಹವಾಮಾನದ ಸುದ್ದಿ ನಮಗೆ ಅಂಕಿಗಳಲ್ಲಿ ಬರುತ್ತದೆ, ಅರ್ಧ ನಿಮಿಷದಲ್ಲಿ ಬೆರಳು ಮುಂದಿನದಕ್ಕೆ ಜಾರುತ್ತದೆ. ಒಂದೇ ದುಃಖದ ಮುಂದೆ ನೂರಾರು ಜನ ಒಟ್ಟಿಗೆ ಒಂದು ಗಂಟೆ ಕೂರುವ ಸಂದರ್ಭ ಇವತ್ತು ಎಷ್ಟು ಕಡೆ ಸಿಗುತ್ತದೆ?

ಇಗರ್ಜಿಗಳು ಈ ದಾರಿಗೆ ಬಂದದ್ದಕ್ಕೂ ಒಂದು ಕಥೆಯಿದೆ. 1967ರಲ್ಲಿ ಇತಿಹಾಸಕಾರ ಲಿನ್ ವೈಟ್ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಪ್ರಕೃತಿ ಇರುವುದೇ ಮನುಷ್ಯನಿಗಾಗಿ ಎಂಬ ಪಶ್ಚಿಮದ ಕ್ರೈಸ್ತ ನಂಬಿಕೆ ಪರಿಸರದ ಸಂಕಟದ ಬೇರಿನಲ್ಲಿದೆ ಎಂದು ನೇರವಾಗಿ ಆರೋಪಿಸಿದರು. ಅದೇ ಲೇಖನದಲ್ಲಿ, ಎಲ್ಲ ಜೀವಿಗಳನ್ನೂ ಸಮಾನವಾಗಿ ಕಂಡ ಸಂತ ಫ್ರಾನ್ಸಿಸರನ್ನು ಪರಿಸರದ ಪಾಲಕ ಸಂತ ಎಂದು ಕರೆಯೋಣ ಎಂದೂ ಸೂಚಿಸಿದರು. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಹಾಗೆಯೇ ಘೋಷಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ‘ಲಾವ್ದಾತೊ ಸಿ’ ಎಂಬ ಪರಿಸರದ ವಿಶ್ವಪತ್ರ ಹೊರಡಿಸಿದರು. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗಿನ ದಿನಗಳನ್ನು ಈಗ ಹಲವು ಕ್ರೈಸ್ತ ಸಭೆಗಳು ಸೃಷ್ಟಿಯ ಕಾಲ ಎಂದು ಆಚರಿಸುತ್ತವೆ.

ನಮ್ಮ ಮೊಂತಿ ಫೆಸ್ತ್ ಬರುವುದು ಸರಿಯಾಗಿ ಈ ದಿನಗಳಲ್ಲೇ, ಸೆಪ್ಟೆಂಬರ್ 8ರಂದು. ಬೇಳ, ಕುಂಬಳೆ, ಮಂಜೇಶ್ವರ ಕಡೆಯ ಕೊಂಕಣಿ ಮನೆಗಳ ಮಕ್ಕಳು ಒಂಬತ್ತು ದಿನ ಬುಟ್ಟಿಯಲ್ಲಿ ಹೂವು ಕೊಯ್ದು ತಂದು ಹಾಡುತ್ತಾ ಮರಿಯಮ್ಮನ ಮೂರ್ತಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ತೆನೆಗೆ ಆಶೀರ್ವಾದ. ಹಾಡು, ಮೂರ್ತಿ, ಗದ್ದೆಯ ಬೆಳೆ ಮೂರೂ ಒಂದೇ ಛಾವಣಿಯ ಕೆಳಗೆ. ನ್ಯೂಯಾರ್ಕಿನವರು ಹೊಸದಾಗಿ ಹುಡುಕಿಕೊಂಡ ಜೋಡಣೆ ನಮ್ಮಲ್ಲಿ ಹಬ್ಬವಾಗಿ ಇದ್ದೇ ಇದೆ.

ನಮ್ಮ ದುಃಖದ ಭಾಗವೂ ಇದೆ. 1970ರ ದಶಕದ ಕೊನೆಯಿಂದ 2000ದವರೆಗೆ, ಎರಡು ದಶಕಕ್ಕೂ ಜಾಸ್ತಿ, ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗೇರಿನ ಚಿಗುರು ಹೀರುವ ಟೀ ಸೊಳ್ಳೆ ಎಂಬ ಕೀಟಕ್ಕೆ ಮದ್ದು ಎಂದು. ಗುಡ್ಡದ ಮೇಲೆ ಬಿದ್ದ ವಿಷ ತೋಡಿಗೆ, ಕೆರೆಗೆ, ಕುಡಿಯುವ ನೀರಿನ ಸುರಂಗಕ್ಕೆ ಇಳಿಯಿತು. ಎಣ್ಮಕಜೆ, ಬೆಳ್ಳೂರು, ಮುಳಿಯಾರು ಕಡೆಯ ಮನೆಗಳಲ್ಲಿ ಏಳಲಾಗದ, ಮಾತಾಡಲಾಗದ ಮಕ್ಕಳು ಹುಟ್ಟಿದರು. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್, ಪತ್ರಕರ್ತ ಶ್ರೀಪಡ್ರೆ ಇದನ್ನು ಹೊರಜಗತ್ತಿಗೆ ಹೇಳಿದರು. ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಎಂಡೋಸಲ್ಫಾನ್ ನಿಲ್ಲಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಲು ಹೇಳಿತು.

ವಿದ್ಯಾನಗರದ ಜಿಲ್ಲಾ ಪಂಚಾಯತ್ ಆವರಣದಲ್ಲಿ ಕಾನಾಯಿ ಕುಞಿರಾಮನ್ ಅವರ ತಾಯಿ ಮತ್ತು ಮಗುವಿನ ಶಿಲ್ಪ ಇದೆ, ಈ ಸಂತ್ರಸ್ತರ ನೆನಪಿಗೆ. ಕಾನಾಯಿ ನಮ್ಮ ಜಿಲ್ಲೆಯವರೇ, ಚೆರುವತ್ತೂರಿನ ಕುಟ್ಟಮತ್ತಿನವರು. ಮಲಂಪುಳದ ಯಕ್ಷಿ ಶಿಲ್ಪವನ್ನು ಮಾಡಿದ ಕೈ ಅದು. ಜನ ಕಚೇರಿ ಕೆಲಸಕ್ಕೆ ಬರುತ್ತಾರೆ, ಶಿಲ್ಪವನ್ನು ದಾಟಿ ಹೋಗುತ್ತಾರೆ. ಅದರ ಮುಂದೆ ಒಂದು ಗಂಟೆ ಕೂರಿಸುವ ಹಾಡೊಂದು ಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಬಯಲಿನಲ್ಲಿ ನಾಲ್ಕು ಎಳೆಯ ಗಾಯನ ನಿಲ್ಲುವುದಿಲ್ಲ. ಗೋಡೆ ಬೇಕು, ಎತ್ತರ ಬೇಕು. 1890ರಲ್ಲಿ ಶುರುವಾದ, ಗೋಥಿಕ್ ಕಮಾನಿನ ಬೇಳದ ಶೋಕಮಾತಾ ಇಗರ್ಜಿಯಂಥ ಕಡೆ ಮಾಡಬಹುದು. ದೊಡ್ಡ ಶಿಲ್ಪವನ್ನು ಅಲ್ಲಿಗೆ ಸಾಗಿಸಲಾಗದಿದ್ದರೆ ಊರಿನ ಕಲಾವಿದರೇ ಮುರಕಲ್ಲಿನಲ್ಲೋ ಗೇರು ಮರದಲ್ಲೋ ಹೊಸದನ್ನು ಮಾಡಲಿ. ಮೈಕು ಸ್ಪೀಕರು ಬೇಡ, ದನಿ ಉಳಿಯುವ ಜಾಗದಲ್ಲಿ ಅವು ಗೊಂದಲವನ್ನು ಹೆಚ್ಚಿಸುತ್ತವೆ. ಫ್ಯಾನು ನಿಲ್ಲಿಸಬೇಕು, ಹಾಗಾಗಿ ಸೆಕೆ ಕಡಿಮೆಯಾದ ಡಿಸೆಂಬರ್ ಜನವರಿಯ ಸಂಜೆ ಒಳ್ಳೆಯದು. ಮಳೆಗಾಲದಲ್ಲಿ ಛಾವಣಿಯ ಮೇಲಿನ ಸದ್ದೇ ಎಲ್ಲವನ್ನೂ ನುಂಗುತ್ತದೆ. ಪದಗಳು ಒಂದಕ್ಕೊಂದು ಕಲಸಿ ಕೇಳುವುದರಿಂದ ಸಾಹಿತ್ಯವನ್ನು ಕನ್ನಡ, ಮಲಯಾಳ, ತುಳು, ಕೊಂಕಣಿಯಲ್ಲಿ ಮುದ್ರಿಸಿ ಕೈಗೆ ಕೊಡಬೇಕು. ಬಾಗಿಲಿಗೆ ಗಾಲಿಕುರ್ಚಿ ಹತ್ತುವ ಇಳಿಜಾರು ಇರಬೇಕು. ಎಣ್ಮಕಜೆ, ಮುಳಿಯಾರು ಕಡೆಯಿಂದ ಬರುವ ಮಕ್ಕಳಿಗೂ ಅಮ್ಮಂದಿರಿಗೂ ಗಾಡಿ ಕಳಿಸಿ, ಮುಂದಿನ ಸಾಲನ್ನು ಅವರಿಗೇ ಇಡಬೇಕು.